ಪ್ರೆಸ್ಸಿನ ಹೆಸರಿಗೊಂದು ಖಾತೆ

ಗದಗಿನ ಪ್ರೆಸ್ಸುಗಳಿಗೆ ಲಗ್ನದ ಹಂಗಾಮು ಎಂದರೆ ಸುಗ್ಗಿ. ಆ ವರ್ಷ ಸುಗ್ಗಿಯ ನಡುವೆಯೇ ನಿಜಾಮುದ್ದೀನನ ಪ್ರೆಸ್ಸಿಗೆ ಬೀಗ ಬಿತ್ತು.

ನಿಜಾಮುದ್ದೀನ ಇದ್ದದ್ದು ಕುವೈತಿನಲ್ಲಿ. ಅಲ್ಲಿನ ಒಂದು ದೊಡ್ಡ ಛಾಪಖಾನೆಯಲ್ಲಿ ಮಷೀನು ನಡೆಸುತ್ತಿದ್ದ. ದುಡಿದದ್ದನ್ನು ಕಳಿಸಿ ಗದಗಿನಲ್ಲಿ ತನ್ನದೇ ಒಂದು ಸಣ್ಣ ಪ್ರೆಸ್ ಹಾಕಿಸಿದ್ದ. ಮಾಲೀಕ ಅವನು, ನಡೆಸುವವನು ತಮ್ಮ ಮರ್ದಾನಸಾಬ. ಬೆಟಗೇರಿಯ ಮನೆಯಲ್ಲಿ ನಿಜಾಮುದ್ದೀನನ ಹೆಂಡತಿ ಶಮಶಾದಬಿ, ಮರ್ದಾನಸಾಬನ ಹೆಂಡತಿ ರಮಜಾನಬಿ ಇಬ್ಬರೂ ಒಂದೇ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು.

ಕುವೈತಿನಿಂದ ಬರುವ ಹಣವೂ, ಪ್ರೆಸ್ಸಿನ ಗಿರಾಕಿಗಳು ಕೊಡುವ ಹಣವೂ ಮರ್ದಾನಸಾಬನ ಸ್ವಂತ ಉಳಿತಾಯ ಖಾತೆಗೇ ಬೀಳುತ್ತಿದ್ದವು. ಅದರಲ್ಲಿ ತಪ್ಪೇನಿದೆ ಎಂದು ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಮರ್ದಾನಸಾಬ ಅಣ್ಣನ ಒಂದು ಪೈಸೆಗೂ ಆಸೆ ಪಡುವ ಮನುಷ್ಯನಲ್ಲ. ಹೊಸ ಅಂಗಿ ಹೊಲಿಸುವುದಕ್ಕೂ ಅತ್ತಿಗೆಯನ್ನು ಕೇಳಿಯೇ ಹೊಲಿಸುತ್ತಿದ್ದ.

ಒಂದು ಮಧ್ಯಾಹ್ನ ಮಷೀನಿಗೆ ಕಾಗದ ಕೊಡುತ್ತಿದ್ದವನು ಎದೆ ಹಿಡಿದುಕೊಂಡು ಕುಳಿತ. ಅಚ್ಚಿನ ಮೊಳೆ ಜೋಡಿಸುವ ಉಡಚಪ್ಪ ಓಡಿಹೋಗಿ ಟಾಂಗಾ ತಂದ. ದವಾಖಾನೆ ಮುಟ್ಟುವುದರೊಳಗೆ ಮರ್ದಾನಸಾಬನ ಉಸಿರು ನಿಂತಿತ್ತು.

ಮಣ್ಣು ಮುಗಿದ ಮೇಲೆ ರಮಜಾನಬಿ ಇದ್ದತ್ ಹಿಡಿದಳು. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳ ಮೇಲೆ ಹತ್ತು ದಿನ ಮನೆಯ ಹೊಸ್ತಿಲು ದಾಟದೆ ಕೂಡುವ ಶೋಕದ ಅವಧಿ ಅದು. ಅವಳು ಒಳಗಿನ ಕೋಣೆಯ ಮೂಲೆಯಲ್ಲಿ ಕುಳಿತಳು. ಹೊರಗಿನ ಚಿಂತೆಯೆಲ್ಲ ಶಮಶಾದಬಿಯ ತಲೆಯ ಮೇಲೆ ಬಂತು.

"ಅಕ್ಕಾರ, ಕಾಗದ ಮುಗದಾವ್ರಿ. ಶಾಯಿನೂ ತಳಾ ಕಂಡೈತಿ," ಎಂದ ಉಡಚಪ್ಪ. "ಲಗ್ನದ ಕಾರ್ಡಿನವ್ರು ಬಾಗಲದಾಗ ನಿಂತಾರ. ಬ್ಯಾಂಕಿನಾಗಿಂದು ತಗೀಬೇಕಲ್ರಿ."

ಮಗ್ಗುಲ ಮನೆಯ ವಿಮಲಾಬಾಯಿ ಬ್ಯಾಂಕಿನಲ್ಲೇ ಕೆಲಸಕ್ಕಿದ್ದರು. ಗಂಡ ತೀರಿಹೋದ ಮೇಲೆ ಅದೇ ಕೆಲಸದಲ್ಲಿ ಮಕ್ಕಳನ್ನು ಬೆಳೆಸಿದವರು. ಶಮಶಾದಬಿ ಅವರ ಕಟ್ಟೆಗೆ ಹೋಗಿ ಕೇಳಿದಳು.

ವಿಮಲಾಬಾಯಿ ಬಿಡಿಸಿ ಹೇಳಿದರು. "ಶಮಶಾದ, ಖಾತೆ ಮರ್ದಾನನ ಒಬ್ಬನ ಹೆಸರಿಲೇ ಅದ. ಅಂವ ಇಲ್ಲ. ಈಗ ಆ ರೊಕ್ಕ ಅವನ ವಾರಸುದಾರರದು ಅಂತ ಬ್ಯಾಂಕು ತಿಳೀತದ. ಅವರೆಲ್ಲಾರೂ ಕೂಡಿ ಕೋರ್ಟಿನಿಂದ ಸರ್ಟಿಫಿಕೇಟ್ ತರಬೇಕು. ಅಲ್ಲೀತನಕಾ ಯಾರಿಗೂ ಕೊಡ್ಲಿಕ್ಕೆ ಬರೂದಿಲ್ಲ."

"ಬಾಯಾರ, ಅದು ನಮ್ಮ ಮನ್ಯಾರ ಬೆವರಿನ ರೊಕ್ಕರಿ!"

"ನನಗ ಗೊತ್ತದವ್ವಾ. ಓಣಿಗೆಲ್ಲ ಗೊತ್ತದ. ಖಾತೆಗೆ ಗೊತ್ತಿಲ್ಲ."

ಎರಡು ದಿನ ಕಳೆಯುವಷ್ಟರಲ್ಲಿ ಲಕ್ಷ್ಮೇಶ್ವರದಿಂದ ರಮಜಾನಬಿಯ ಅಣ್ಣ ಬುಡ್ಡೇಸಾಬ ಬಂದ. ತಂಗಿಯ ಕೋಣೆಯ ಬಾಗಿಲಲ್ಲಿ ಕುಳಿತು ಮಾತಾಡಿದ. ಅಡಿಗೆಮನೆಯಲ್ಲಿದ್ದ ಶಮಶಾದಬಿಗೆ ಅವನ ಮಾತು ಕೇಳಿಸಿತು.

"ರಮಜಾನ, ಕಾಯ್ದೇ ಪ್ರಕಾರ ಖಾತೆ ನಿನ್ನ ಗಂಡಂದು. ಬಾಯಿ ಮುಚ್ಚಿಕೊಂಡು ಕುಂದ್ರು. ಅವ್ರಾಗಿ ಕೇಳಿದ್ರ ನನಗ ಗೊತ್ತಿಲ್ಲ ಅನ್ನು. ನಾಳೆ ಈ ಮನ್ಯಾಗ ನಿನಗೇನೈತಿ ಆಸರಾ?"

ರಮಜಾನಬಿ ತಗ್ಗಿದ ದನಿಯಲ್ಲಿ ಏನು ಹೇಳಿದಳೋ, ಕೇಳಿಸಲಿಲ್ಲ. ಶಮಶಾದಬಿಯ ಕೈಯಲ್ಲಿನ ರೊಟ್ಟಿ ಹರಿಯಿತು. ಅಂದಿನಿಂದ ಅವಳ ಮನಸ್ಸಿಗೆ ಒಂದು ಮುಳ್ಳು ಹೊಕ್ಕಿತು. ಊಟ ಒಯ್ದು ಇಡುವಳು, ಎದುರು ಕೂಡುವುದಿಲ್ಲ. ರಮಜಾನಬಿಯೂ ತಲೆ ಎತ್ತುವುದಿಲ್ಲ. ಇಪ್ಪತ್ತು ವರ್ಷ ಕೂಡಿ ಉಂಡವರು ಒಂದೇ ಸೂರಿನ ಕೆಳಗೆ ಪರಕೀಯರಾದರು. ಕೇಳಬೇಕು ಎಂದು ಶಮಶಾದಬಿ ದಿನವೂ ಅಂದುಕೊಳ್ಳುವಳು. ಬಳೆ ತೆಗೆದ ಆ ಕೈ ನೋಡಿದರೆ ಬಾಯಿ ಬರುತ್ತಿರಲಿಲ್ಲ.

ಕಡೆಗೆ ಬಾಯಿ ಬಿಟ್ಟವಳು ರಮಜಾನಬಿಯೇ.

"ಭಾಬಿ, ಊಟದ ಗಂಗಾಳ ಇಟ್ಟು ಹಂಗ ಹೋಗಬ್ಯಾಡ್ರಿ. ಕುಂಡ್ರಿ. ನೀವು ಕೇಳ್ತೀರಿ ಅಂತ ಎಷ್ಟು ದಿನ ಕಾಯಲಿ?"

"ಇದ್ದತ್‌ನ್ಯಾಗ ಕುಂತಾಕಿನ್ನ ರೊಕ್ಕದ ಮಾತು ಹೆಂಗ ಕೇಳ್ಲೇ?"

"ನಮ್ಮಣ್ಣ ಅಂದಿದ್ದು ನಿಮಗ ಕೇಳಿಸೈತಿ, ನನಗ ಗೊತ್ತೈತಿ. ನಾ ಏನಂದೆ ಅನ್ನೂದು ಕೇಳಿಸಿಲ್ಲ. ಸತ್ತವನ ಹೆಸರಿಗೆ ಕಳ್ಳ ಅನ್ನೂ ಮಾತು ಹಚ್ಚಬ್ಯಾಡ, ಎದ್ದು ಹೋಗು ಅಂದೆ. ರೊಕ್ಕ ಪ್ರೆಸ್ಸಿಂದು. ಎಲ್ಲಿ ಬೇಕಾದ್ರೂ ಸಹಿ ಮಾಡ್ತೀನಿ. ಖರೆ, ನನಗೂ ಹೆದರಿಕಿ ಐತಿ ಭಾಬಿ. ನಾಳೆ ನಾ ಎಲ್ಲಿರಬೇಕು?"

ಶಮಶಾದಬಿ ಅವಳ ಪಕ್ಕದಲ್ಲಿ ಕುಸಿದು ಕುಳಿತಳು. ಮರ್ದಾನಸಾಬ ಸತ್ತ ದಿನ ಅತ್ತದ್ದಕ್ಕಿಂತ ಹೆಚ್ಚು ಇಬ್ಬರೂ ಆವತ್ತು ಅತ್ತರು.

ಮನಸ್ಸುಗಳೇನೋ ಕೂಡಿದವು. ಬ್ಯಾಂಕಿನ ಕೆಲಸ ಮಾತ್ರ ಮನಸ್ಸಿನಿಂದ ಆಗುವಂಥದ್ದಲ್ಲ. ಶಿರಹಟ್ಟಿಗೆ ಕೊಟ್ಟಿದ್ದ ಮರ್ದಾನಸಾಬನ ಮಗಳು ಬಂದು ಸಹಿ ಮಾಡಬೇಕಾಯಿತು. ಅಣ್ಣನೂ ವಾರಸುದಾರನೇ ಆದ್ದರಿಂದ ಕುವೈತಿನಿಂದ ನಿಜಾಮುದ್ದೀನನ ಒಪ್ಪಿಗೆಯ ಕಾಗದ ಬರಬೇಕಾಯಿತು. ಕೋರ್ಟಿನ ತಾರೀಖು ಮುಂದೆ ಮುಂದೆ ಹೋಯಿತು. ಲಗ್ನದ ಹಂಗಾಮು ಕಳೆದು ಮಳೆಗಾಲವೂ ಮುಗಿಯುತ್ತ ಬಂತು. ಗಿರಾಕಿಗಳು ಬೇರೆ ಪ್ರೆಸ್ ಹಿಡಿದರು. ಹೊಟ್ಟೆಪಾಡು ನಡೆಯಬೇಕಲ್ಲ, ಉಡಚಪ್ಪ ಹುಬ್ಬಳ್ಳಿಗೆ ಹೋದ. ಅವನು ಮತ್ತೆ ಬರಲಿಲ್ಲ.

ಸರ್ಟಿಫಿಕೇಟ್ ಕೈಗೆ ಬಂದ ಹೊತ್ತಿಗೆ ನಿಜಾಮುದ್ದೀನನಿಗೆ ರಜೆ ಸಿಕ್ಕಿತು. ಊರಿಗೆ ಬಂದವನು ಮೊದಲು ತಮ್ಮನ ಗೋರಿಗೆ ಹೋಗಿ ಬಂದ. ಸಂಜೆ ವಿಮಲಾಬಾಯಿ ಮನೆಗೆ ಬಂದರು. ಶಮಶಾದಬಿ ಚಹಾ ಕೊಟ್ಟು ಅಲ್ಲೇ ಕುಳಿತಳು. ಇದ್ದತ್ ಮುಗಿಸಿದ್ದ ರಮಜಾನಬಿ ಬಾಗಿಲ ಬಳಿ ನಿಂತಳು.

"ತಮ್ಮನ ಮ್ಯಾಲೆ ನಂಬಿಕಿ ಇತ್ರಿ ಬಾಯಾರ. ಅಣ್ಣತಮ್ಮರೊಳಗ ಕಾಗದಪತ್ರ ಯಾಕ ಅಂತ ಬಿಟ್ಟಿದ್ದೆ," ಎಂದ ನಿಜಾಮುದ್ದೀನ.

"ನಿನ್ನ ನಂಬಿಕಿ ಸುಳ್ಳಾಗಲಿಲ್ಲೋ. ಅಂವ ಕಡೀತನಕಾ ನೆಟ್ಟಗ ಇದ್ದ. ಆದ್ರ ಮನುಷ್ಯಾ ಸಾಯ್ತಾನ."

"ಆತ್ರಿ. ಇನ್ನ ಮುಂದ ಎಲ್ಲಾ ಶಮಶಾದನ ಹೆಸರಿಗೆ ಮಾಡಿಬಿಡೂಣು."

ಶಮಶಾದಬಿ ತಟ್ಟನೆ ತಲೆ ಎತ್ತಿದಳು. "ನಾ ಏನು ಸಾಯೂದಿಲ್ಲೇನ್ರಿ? ಆಗ ಮತ್ತ ಇದಽ ಗೋಳು."

ನಿಜಾಮುದ್ದೀನ ಮುಖ ತಗ್ಗಿಸಿದ. "ಹಂಗಾರ ಬ್ಯಾಂಕಽ ಬ್ಯಾಡ. ಕುವೈತಿನ್ಯಾಗ ಒಬ್ಬಾಂವ ಅದಾನ. ಅಲ್ಲಿ ಅವನ ಕೈಯಾಗ ಕೊಟ್ರ ಇಲ್ಲಿ ಮನಿಗೆ ಮುಟ್ಟಸ್ತಾನ."

"ಮುಟ್ಟಸಲಿಲ್ಲ ಅಂದ್ರ ಯಾರನ್ನ ಕೇಳ್ತಿ?" ವಿಮಲಾಬಾಯಿಯ ದನಿ ಗಡುಸಾಯಿತು. "ಅದು ಕಾಯ್ದೆಗೆ ವಿರುದ್ಧ. ನಾಳೆ ಪೊಲೀಸರು ಬಂದ್ರ ಈ ಹೆಣ್ಮಕ್ಕಳು ಜವಾಬು ಕೊಡಬೇಕೇನು? ಕೇಳು. ನೀ ಇರೋದು ಪರದೇಶದಾಗ, ದಂಧೆ ಇರೋದು ಗದಗಿನಾಗ. ನಿನ್ನಂಥವರಿಗೆ ಎರಡು ಖಾತೆ ಬೇಕು. ಪರದೇಶದಾಗ ಇರೋರಿಗಂತನಽ ಒಂದು ಖಾತೆ ಅದ. ಅಲ್ಲಿಂದ ಬ್ಯಾಂಕಿನ ಮೂಲಕ ಬಂದ ರೊಕ್ಕ ಅದಕ್ಕ ಬೀಳ್ತದ. ಬೇಕಂದ್ರ ಹೊಳ್ಳಿ ಅಲ್ಲಿಗೆ ಒಯ್ಲಿಕ್ಕೂ ಬರ್ತದ. ಪ್ರೆಸ್ಸಿನ ಗಳಿಕಿ ಮಾತ್ರ ಅದರಾಗ ಹಾಕೋಹಂಗಿಲ್ಲ."

"ಪ್ರೆಸ್ಸಿಂದು ಎಲ್ಲಿ ಹಾಕ್ಬೇಕ್ರಿ?"

"ಪ್ರೆಸ್ಸಿನ ಹೆಸರಿಲೇ ಒಂದು ಚಾಲ್ತಿ ಖಾತೆ ತಗಿ. ಮಾಲೀಕ ನೀನು, ಇರೋದು ಕುವೈತಿನಾಗ, ಅಂತ ಬ್ಯಾಂಕಿಗೆ ಖರೆ ಹೇಳು. ಮುಚ್ಚಿಡಬ್ಯಾಡ. ರಿಸರ್ವ್ ಬ್ಯಾಂಕಿಂದು ಏನರೆ ಪರವಾನಗಿ ಬೇಕೇನು ಅಂತ ಮ್ಯಾನೇಜರನ್ನ ಮೊದಲಽ ಕೇಳು. ಇಲ್ಲಿ ವ್ಯವಹಾರ ನಡಸೋರಿಗೆ ಮುಖತ್ಯಾರಪತ್ರ ಕೊಡು. ಅವರು ನಿನ್ನ ಪರವಾಗಿ ಸಹಿ ಮಾಡ್ತಾರ. ಅವರಾಗ ಒಬ್ಬರಿಗೆ ಏನರೆ ಆದ್ರೂ ರೊಕ್ಕ ಅಲ್ಲೇ ಸಿಕ್ಕಿಬೀಳೂದಿಲ್ಲ, ನೀ ಇನ್ನೊಬ್ಬರನ್ನ ನೇಮಸ್ತಿ. ನಿನಗಽ ಏನರೆ ಆದ್ರ ಮುಖತ್ಯಾರಪತ್ರ ನಡಿಯೂದಿಲ್ಲ. ನಿನ್ನ ಹಿಂದ ರೊಕ್ಕ ಯಾರ ಕೈಗೆ ಕೊಡಬೇಕು ಅಂತ ಈಗ ನಾಮಿನಿ ಬರಸ್ಲಿಕ್ಕೆ ಬರ್ತದ. ಅದನ್ನೂ ಬರಸು."

"ಯಾವ ಬ್ಯಾಂಕ್ ಚಲೋರಿ?"

"ನನ್ನ ಬ್ಯಾಂಕಿಗೇ ಬಾ ಅನ್ನೂದಿಲ್ಲ. ನಾಕು ಕಡೆ ವಿಚಾರ್ಸು. ಕುವೈತಿನ ಡ್ರಾಫ್ಟು ಎಷ್ಟು ದಿನಕ್ಕ ಜಮಾ ಆಗ್ತದ, ಖರ್ಚೇನು ಹಿಡೀತಾರ, ದೂರ ಇದ್ದು ಕಾಗದ ಬರದ್ರ ಜವಾಬು ಕೊಡ್ತಾರೇನು, ಕೇಳು. ಕೇಳಿ ಆಮ್ಯಾಲೆ ಆರ್ಸು."

ನಿಜಾಮುದ್ದೀನ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡ. ಆಮೇಲೆ ಬಾಗಿಲ ಕಡೆ ತಿರುಗಿದ. "ರಮಜಾನ, ಮುಖತ್ಯಾರಪತ್ರ ನಿಮ್ಮಿಬ್ರ ಹೆಸರಿಲೇ ಮಾಡಸ್ತೀನಿ. ಪ್ರೆಸ್ ನಡಸಾಕಿ ನೀನು. ತಮ್ಮಗ ಪಾಲು ಕೊಡ್ತೀನಿ ಅಂತ ಬರೇ ಬಾಯಿಲೇ ಅಂದಿದ್ದೆ. ನಿನಗ ತಿಂಗಳಿಗೆ ಇಷ್ಟು ಅಂತ ಬರದು ಕೊಡ್ತೀನಿ. ನೀ ಯಾರ ಮುಂದೂ ಕೈ ಒಡ್ಡಬಾರ್ದು."

ರಮಜಾನಬಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ನಿಜಾಮುದ್ದೀನ ಗದಗಿನ ಬ್ಯಾಂಕುಗಳನ್ನು ಸುತ್ತಿದ. ಒಂದು ಕಡೆ ಖರ್ಚು ಹೆಚ್ಚು, ಇನ್ನೊಂದು ಕಡೆ ಪರದೇಶದ ವ್ಯವಹಾರವೇ ಇಲ್ಲ. ಎಲ್ಲ ಸವಾಲಿಗೂ ನೆಟ್ಟಗೆ ಉತ್ತರ ಕೊಟ್ಟ ಬ್ಯಾಂಕನ್ನು ಆರಿಸಿದ. ಖಾತೆ ತೆಗೆಯುವ ದಿನ ವಾರಗಿತ್ತಿಯರಿಬ್ಬರೂ ಒಂದೇ ಟಾಂಗಾದಲ್ಲಿ ಹೋದರು. ಶಮಶಾದಬಿ ನಿಧಾನವಾಗಿ ಸಹಿ ಮಾಡಿದಳು. ಪೆನ್ನು ರಮಜಾನಬಿಯ ಕೈಗೆ ಬಂದಾಗ ಅವಳು ಭಾಬಿಯ ಕಡೆ ತಿರುಗಿ ನೋಡಿದಳು.

"ಗಾಬರಿ ಆಗಬ್ಯಾಡ," ಎಂದಳು ಶಮಶಾದಬಿ. "ನಾ ಇಲ್ಲೇ ಅದೀನಿ."

ಹಳೆಯ ಖಾತೆಯಿಂದ ಬಿಡುಗಡೆಯಾದ ಹಣದಲ್ಲಿ ಕಾಗದ, ಶಾಯಿ ಬಂದವು; ಮರುವಾರ ಪ್ರೆಸ್ಸಿನ ಬಾಗಿಲು ತೆರೆಯಿತು. ಹೊಸ ಕೆಲಸಗಾರ ಮೊಳೆ ಜೋಡಿಸಿದ. ಹಳೆಯ ಗಿರಾಕಿಗಳಲ್ಲಿ ಕೆಲವರು ಬಂದರು, ಕೆಲವರು ಬರಲಿಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯವರೂ ದೂರದ ದೇಶದಲ್ಲಿ ದುಡಿಯುತ್ತಿರಬಹುದು. ಅವರ ಅಂಗಡಿಯೋ ಗಿರಣಿಯೋ ಇಲ್ಲಿ ನಡೆಯುತ್ತಿರಬಹುದು. ಅದರ ಖಾತೆ ಯಾರ ಹೆಸರಿನಲ್ಲಿದೆ? ಸಹಿ ಯಾರದು? ನಾಮಿನಿ ಬರೆಸಿದ್ದೀರಾ? ಸಾವಿನ ಮನೆಯಲ್ಲಿ ಈ ಮಾತು ಕೇಳುವುದು ಬಹಳ ಕಷ್ಟ, ಶಮಶಾದಬಿಗೆ ಬಾಯಿಯೇ ಬರಲಿಲ್ಲ. ಎಲ್ಲರೂ ಸುಖವಾಗಿರುವಾಗ, ಕೂಡಿ ಉಣ್ಣುವಾಗ ಕೇಳಿರಿ. ಕೇಳಿ, ಮರುದಿನವೇ ಬ್ಯಾಂಕಿಗೆ ಹೋಗಿರಿ.