ಬೆಂಡೆಯ ತುದಿ ಮುರಿದು ನೋಡಿ

ಹಿತ್ತಲ ತುಂಬ ಬೆಂಡೆ, ಬದನೆ, ಸೌತೆ ಜೋತಾಡುತ್ತಿದ್ದವು. ಅಡುಗೆಮನೆಗೆ ಮಾತ್ರ ಅಂಗಡಿಯಿಂದಲೇ ತರಕಾರಿ ಬರುತ್ತಿತ್ತು. ಕೇಳಿದವರು ನಗಬೇಕು, ಆದರೆ ಆ ಮನೆಯಲ್ಲಿ ನಗುವವರು ಯಾರೂ ಇರಲಿಲ್ಲ.

ಮನೆಯ ಹಿರಿಯರು ಬಸ್ ಓಡಿಸಿ ನಿವೃತ್ತರಾದವರು. ಇಡೀ ಬೀದಿಗೆ ಅವರು ಡ್ರೈವರಣ್ಣ. ಆ ಗಿಡಗಳನ್ನು ಹಾಕಿದ್ದು ಅವರ ಹೆಂಡತಿ. ಬೀಜ ಮೊಳೆತು ಸಸಿ ಏಳುವ ಹೊತ್ತಿಗೆ ಆಕೆ ಹಾಸಿಗೆ ಹಿಡಿದರು. ಕಾಯಿ ಬಿಡುವುದನ್ನು ನೋಡಲು ಉಳಿಯಲಿಲ್ಲ. ಅಂದಿನಿಂದ ಡ್ರೈವರಣ್ಣ ನೀರು ಹಾಯಿಸುವುದೇನು, ಕಳೆ ಕೀಳುವುದೇನು! ಆದರೆ ಕಾಯಿಯನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ.

"ಅಪ್ಪಾ, ಅಡುಗೆಗೆ ನಾಲ್ಕು ಬೆಂಡೆಕಾಯಿ ಕೊಯ್ಕೊಳ್ಲಾ?" ಎಂದು ಮಗಳು ಕೇಳಿದರೆ, "ಇರ್ಲಿ ಬಿಡು ಪುಟ್ಟಿ, ಇನ್ನೂ ದೊಡ್ಡದಾಗುತ್ತೆ. ನಿಮ್ಮಮ್ಮ ಹಾಕಿದ್ದು" ಎನ್ನುತ್ತಿದ್ದರು. ಅಮ್ಮನ ಹೆಸರು ಬಂದ ಮೇಲೆ ಮಗಳಾದರೂ ಏನು ಹೇಳಿಯಾಳು? ಚೀಲ ಹಿಡಿದು ಅಂಗಡಿಗೆ ಹೊರಡುತ್ತಿದ್ದಳು.

ಹಿಂದೆ ಹೀಗಿರಲಿಲ್ಲ. ಡ್ರೈವರಣ್ಣ ಮೊದಲ ಬಸ್ಸಿಗೆ ಹೊರಡುತ್ತಿದ್ದ ಕಾಲದಲ್ಲಿ ಹೆಂಡತಿ ಬಿಸಿಲೇಳುವ ಮುಂಚೆಯೇ ಹಿತ್ತಲಿಗಿಳಿದು ಸೆರಗಿನ ತುಂಬ ಕಾಯಿ ತರುತ್ತಿದ್ದರು. ಮಧ್ಯಾಹ್ನ ಡಿಪೋದ ಮರದ ಕೆಳಗೆ ಬುತ್ತಿ ಬಿಚ್ಚಿದರೆ ಮೊದಲು ಕೈ ಹಾಕುತ್ತಿದ್ದವನು ಕಂಡಕ್ಟರ್. "ಏನಣ್ಣಾ, ಅತ್ತಿಗೆ ಮಾಡಿದ್ರೆ ಬದನೆಕಾಯಿ ಬೆಣ್ಣೆ ಬೆಣ್ಣೆ ಇರುತ್ತೆ!" ಎನ್ನುತ್ತಿದ್ದ. ಆ ಬೆಣ್ಣೆಯ ಗುಟ್ಟು ಡ್ರೈವರಣ್ಣನಿಗೂ ಗೊತ್ತಿರಲಿಲ್ಲ. ಬುತ್ತಿಯಲ್ಲಿ ಬಂದದ್ದನ್ನು ತಿಂದು, ಕೈತೊಳೆದು, ಬಸ್ ಹತ್ತುತ್ತಿದ್ದರು ಅಷ್ಟೆ.

ಒಂದು ಬೆಳಿಗ್ಗೆ ನೀರು ಹಾಕಲು ಹೋದವರು ಹಾಗೇ ನಿಂತುಬಿಟ್ಟರು. ಬೆಂಡೆಗಿಡದಲ್ಲಿ ಹೊಸ ಹೂವೇ ಇಲ್ಲ. ಸೌತೆಬಳ್ಳಿಯ ಎಲೆಗಳೂ ಹಳದಿಗೆ ತಿರುಗಿವೆ. ಹೆಂಡತಿಯ ಕೈಯ ಗಿಡಗಳು ಅಂತ ಉಳಿದಿರುವುದೇ ಇಷ್ಟು, ಇವೂ ಹೋದರೆ?

ಪಕ್ಕದ ಮನೆಯ ನರ್ಸಮ್ಮ ಗೋಡೆಯಾಚೆ ಬಟ್ಟೆ ಹರವುತ್ತಿದ್ದರು. ಸತ್ತುಹೋದಾಕೆಗೆ ಜೀವದ ಗೆಳತಿ. ಡ್ರೈವರಣ್ಣ ಕರೆದದ್ದೇ ತಡ, ಕೈ ಒರೆಸಿಕೊಳ್ಳುತ್ತಾ ಬಂದರು. ಗೇಣುದ್ದದ ಒಂದು ಬೆಂಡೆಕಾಯಿಯನ್ನು ಬಗ್ಗಿಸಿ ನೋಡಿದರು. ಅದು ಬಾಗಿತೇ ಹೊರತು ಮುರಿಯಲಿಲ್ಲ.

"ಅಯ್ಯೋ ಅಣ್ಣಾ, ಇದನ್ನ ಹೆಚ್ಚೋಕೆ ಗರಗಸ ತರಬೇಕು!"

"ತಮಾಷೆ ಬೇಡಮ್ಮ. ಗಿಡಕ್ಕೆ ಏನಾಗಿದೆ ಹೇಳಿ."

"ಏನೂ ಆಗಿಲ್ಲ. ನೀವು ಕೊಯ್ದಿಲ್ಲ, ಅಷ್ಟೆ. ಗಿಡಕ್ಕೆ ಬೇಕಾಗಿರೋದು ಬೀಜ. ಒಳಗೆ ಬೀಜ ಬಲಿತು ಅಂದ್ರೆ 'ನನ್ನ ಕೆಲಸ ಆಯ್ತು' ಅಂತ ಹೂ ಬಿಡೋದನ್ನ ಕಮ್ಮಿ ಮಾಡುತ್ತೆ. ಎಳೇದಿರುವಾಗ್ಲೇ ಕೊಯ್ತಾ ಇದ್ರೆ ಮತ್ತೆ ಮತ್ತೆ ಹೂ ಬಿಡುತ್ತೆ."

ಡ್ರೈವರಣ್ಣನಿಗೆ ನಂಬಿಕೆ ಬರಲಿಲ್ಲ. "ಕೊಯ್ದ್ರೆ ಇರೋದೂ ಮುಗಿದುಹೋಗುತ್ತಲ್ಲ! ನೀವು ಸೂಜಿ ಚುಚ್ಚೋರು. ಗಿಡದ ವಿಷಯ ನಿಮಗ್ಹೇಗೆ ಗೊತ್ತು?"

"ನಿಮ್ಮ ಮನೆಯವಳೇ ಕಲಿಸಿದ್ದು ಅಣ್ಣಾ. ಇದೇ ಗೋಡೆ ಹತ್ರ ನಿಂತು."

ಡ್ರೈವರಣ್ಣ ಗೋಡೆಯತ್ತ ನೋಡಿದರು. "ನನಗೆ ಒಂದು ದಿನವೂ ಹೇಳ್ಲಿಲ್ವಲ್ಲಮ್ಮಾ ಅವಳು..."

"ನೀವು ಒಂದು ದಿನವಾದ್ರೂ ಕೇಳಿದ್ರಾ?"

ಡ್ರೈವರಣ್ಣ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, "ಈಗ ಕೇಳ್ತಿದೀನಿ, ಹೇಳಿ" ಎಂದರು.

ನರ್ಸಮ್ಮ ಗಿಡದಿಂದ ಗಿಡಕ್ಕೆ ಕರೆದುಕೊಂಡು ಹೋದರು. "ಬೆಂಡೆಕಾಯಿ ಬೆರಳುದ್ದ ಇರುವಾಗ್ಲೇ ತುದಿ ಮುರಿದು ನೋಡಿ. ಲಟಕ್ ಅಂದ್ರೆ ಎಳೇದು. ಬದನೆಕಾಯಿ ಮಿರಮಿರ ಮಿಂಚ್ತಿರಬೇಕು. ಹೊಳಪು ಹೋಯ್ತು ಅಂದ್ರೆ ಒಳಗೆ ಬೀಜ ಗಟ್ಟಿಯಾಯ್ತು ಅಂತ. ಸೌತೆಕಾಯಿ ಹಳದಿಯಾಗೋ ತನಕ ಬಿಡಬಾರದು. ಎಳೀಬೇಡಿ ಮತ್ತೆ! ಬಳ್ಳಿಯೇ ಕಿತ್ತು ಬರುತ್ತೆ. ಕತ್ತರೀಲಿ ತೊಟ್ಟು ಸಮೇತ ಕತ್ತರಿಸಿ, ಬೆಳಿಗ್ಗೆ ತಂಪು ಹೊತ್ತಲ್ಲಿ. ಕಾಯಿಗೂ ಅದರದ್ದೇ ಹೊತ್ತಿದೆ. ಸ್ಟಾಪ್ ಬಂದಾಗ ಬಸ್ ನಿಲ್ಲಿಸದೆ ಹೋಗಿದ್ರೆ ಜನ ಸುಮ್ನೆ ಬಿಡ್ತಿದ್ರಾ ನಿಮ್ಮನ್ನ?"

ಡ್ರೈವರಣ್ಣ ಅಳುವಿನ ನಡುವೆಯೇ ನಕ್ಕುಬಿಟ್ಟರು. "ಆದ್ರೂ ಎಲ್ಲಾ ಕತ್ತರಿಸಿಬಿಟ್ರೆ ಅವಳದು ಅಂತ ಏನು ಉಳೀತಮ್ಮಾ?"

"ಒಂದು ಒಳ್ಳೆ ಗಿಡನ ಬೀಜಕ್ಕೇ ಬಿಡಿ. ಅದರ ಕಾಯಿ ಗಿಡದಲ್ಲೇ ಒಣಗ್ಲಿ. ಮುಂದಿನ ಸಲ ಆ ಬೀಜ ಹಾಕಿ. ಅವಳು ವರ್ಷಾ ವರ್ಷಾ ಮಾಡ್ತಿದ್ದದ್ದೇ ಅದು."

ಅಂದೇ ಡ್ರೈವರಣ್ಣ ಬೀಜಕ್ಕೆಂದು ಒಂದು ಗಿಡ ಬಿಟ್ಟು, ಉಳಿದ ಬಲಿತ ಕಾಯಿಗಳನ್ನೆಲ್ಲ ಕತ್ತರಿಸಿದರು. ಆಮೇಲೆ ದಿನಾ ಬೆಳಿಗ್ಗೆ ಗಿಡ ನೋಡುವುದೇ ಕೆಲಸವಾಯಿತು. ಕೆಲವು ದಿನ ಏನೂ ಕಾಣಲಿಲ್ಲ. "ನರ್ಸಮ್ಮನ ಮಾತು ಕೇಳಿ ಕೆಟ್ಟೆ" ಎಂದು ಗೊಣಗಿದ್ದೂ ಉಂಟು. ಸೌತೆಬಳ್ಳಿ ಒಣಗಿಯೇ ಹೋಯಿತು, ಅದಕ್ಕೆ ತಡವಾಗಿತ್ತು. ಆದರೆ ಬೆಂಡೆಗಿಡ ಒಂದು ಬೆಳಿಗ್ಗೆ ಹಳದಿ ಹೂ ಬಿಟ್ಟಿತು. "ಪುಟ್ಟೀ, ಬಾರೇ ಇಲ್ಲಿ!" ಎಂದು ಅವರು ಕೂಗಿದ ಕೂಗಿಗೆ ನರ್ಸಮ್ಮನೂ ಓಡಿಬಂದರು.

ಆ ಗಿಡದ ಎಳೆ ಬೆಂಡೆಕಾಯಿ ಬೆಂದು ತಟ್ಟೆಗೆ ಬಂದ ದಿನ, ಡ್ರೈವರಣ್ಣ ಒಂದು ತುತ್ತು ಬಾಯಿಗಿಟ್ಟು ತಟ್ಟೆಯನ್ನೇ ನೋಡುತ್ತಾ ಕುಳಿತರು.

"ಉಪ್ಪು ಕಮ್ಮಿ ಆಯ್ತಾ ಅಪ್ಪಾ?"

"ಇಲ್ಲ ಪುಟ್ಟಿ. ನಿಮ್ಮಮ್ಮ ಮಾಡಿದ ಹಾಗೇ ಇದೆ. ನಾಳೆ ಬೆಳಿಗ್ಗೆ ಹಿತ್ತಲಿಗೆ ಬಾ, ಯಾವಾಗ ಕೊಯ್ಬೇಕು ಅಂತ ನಿನಗೂ ತೋರಿಸ್ತೀನಿ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಾಳೆ ಬೆಳಿಗ್ಗೆ ನಿಮ್ಮ ಗಿಡಗಳ ಹತ್ತಿರವೂ ಒಮ್ಮೆ ಹೋಗಿ. ದೊಡ್ಡದಾಗಲಿ ಎಂದು ಕಾಯಬೇಡಿ, ಎಳೆಯದಿರುವಾಗಲೇ ಕೊಯ್ಯಿರಿ, ಬೀಜಕ್ಕೆ ಒಂದು ಗಿಡ ಬಿಡಿ. ಇದನ್ನೆಲ್ಲ ಕೈಯಲ್ಲಿ ಮುಟ್ಟಿ ಬಲ್ಲವರು ನಿಮ್ಮ ಮನೆಯಲ್ಲೇ ಇರಬಹುದು. ಅವರು ಇರುವಾಗಲೇ ಜೊತೆಗೆ ಹೋಗಿ, ಕೇಳಿ ಕಲಿಯಿರಿ.