ಕಪ್ಪು ತಲಿ, ಗುಲಾಬಿ ಮೈ
ಚಳಿಗಾಲ ಬಂತಂದ್ರ ಸಾಯಗಾಂವದ ನಮ್ಮ ಜೋಳದ ಹೊಲಕ್ಕ ಪರದೇಶಿ ಹಕ್ಕಿ ಹಿಂಡು ಹಿಂಡಾಗಿ ಬಂದು ಬೀಳ್ತಾವ. ಕಪ್ಪು ತಲಿ, ಗುಲಾಬಿ ಮೈ. ತೆನಿ ಉಳಿಸ್ಲಿಕ್ಕ ನಾನು ಅಟ್ಟ ಏರಿ, ಕವಣಿ ಬೀಸಿ, ದಿನಾ ಹೋ ಅಂತ ಒದರ್ತೇನಿ. ನಿನ್ನಿ ಗಂಟಲು ಪೂರಾ ಕಟ್ಟಿತು. ಹೈರಾಣಾಗಿ ಮಧ್ಯಾಹ್ನಕ್ಕೇ ಮನಿಗಿ ಬಂದ್ರ, ಅಂಗಳದ ಬೇವಿನ ಗಿಡದ ಬುಡಕ ಅವೇ ಹಕ್ಕಿ! ನನ್ನ ಹೆಂಡತಿ ಸುಂದರಬಾಯಿ ಮನ್ಯಾಗಿನ ಜೋಳ ಮುಷ್ಟಿಗಟ್ಟಲೆ ಚೆಲ್ಲಿ ತಿನ್ನಿಸ್ಲಿಕ್ಕತ್ತಾಳ.

ಸಿಟ್ಟು ನೆತ್ತಿಗೇರಿತು. ಬಾಯಿ ತೆರೆದೆ, ದನಿ ಹೊಂಡಲಿಲ್ಲ. ಕೈ ಎತ್ತಬೇಕಂದ್ರ ಕವಣಿ ಬೀಸಿ ಬೀಸಿ ರಟ್ಟಿ ಬಿದ್ದುಹೋಗಿದ್ದವು. ಹಕ್ಕಿಗಳು ತಲಿ ಎತ್ತಿ ನನ್ನ ನೋಡಿದವು, ಮತ್ತ ತಿನ್ನಲಿಕ್ಕ ಹತ್ತಿದವು.

ಆಕಿ ಖುಷಿಲಿಂದ ಅಂದಳು: "ಹೊಸಬರು ಬಂದ್ರ ಭರ್ ಅಂತ ಹಾರಿ ಹೋಗ್ತಾವರಿ. ನಿಮಗ ಮಾತ್ರ ಅಂಜವಲ್ಲವು. ಮೊದಲೇ ಗುರ್ತ ಅದ ಏನ್ರಿ?"