ನಡುವೆ ನಿಂತ ಸ್ವಿಚ್ಚು

"ಶಾಫ್ರಿಲಣ್ಣ, ಅವರಿಗೆ ಹೇಳಿ, ಬಲಗಡೆ ಹಳಿ ಒಂದು ತೂತು ಕೆಳಗೆ ಕೂತಿದೆ ಅಂತ."

ರೆಹುಲಿನಾ ಇದನ್ನೇನೂ ಪಿಸುಮಾತಿನಲ್ಲಿ ಹೇಳಲಿಲ್ಲ. ಹಳಿಗಳ ಮೇಲೆ ಕಂಪ್ಯೂಟರು ಪೆಟ್ಟಿಗೆಗಳನ್ನು ಕೂರಿಸುವ ಕಬ್ಬಿಣದ ರ‍್ಯಾಕಿನ ಮುಂದುಗಡೆ ಅವಳಿದ್ದಳು, ಹಿಂದುಗಡೆ ಅವಳ ಮಾವ ನಂಪತ್ ತಾರಿಗನ್ ಇದ್ದರು. ನಡುವೆ ಒಂದು ಮಾರು ದೂರವೂ ಇರಲಿಲ್ಲ. ಆದರೂ ಜೊತೆ ಕೆಲಸದ ಶಾಫ್ರಿಲ್ ರ‍್ಯಾಕಿನ ಮಗ್ಗುಲಿಗೆ ಬಂದು, ಕತ್ತು ಉದ್ದ ಮಾಡಿ, ಗಂಟಲು ಸರಿಮಾಡಿಕೊಂಡ.

"ಪಾಕ್ ತಾರಿಗನ್, ನಿಮ್ಮ ಸೊಸೆ ಹೇಳ್ತಿದಾಳೆ, ಬಲಗಡೆ ಹಳಿ ಒಂದು ತೂತು ಕೆಳಗೆ ಕೂತಿದೆಯಂತೆ."

"ಸರಿಮಾಡ್ತೀನಿ ಅಂತ ಹೇಳು."

"ಸರಿಮಾಡ್ತಾರಂತೆ ಕಣಮ್ಮ."

"ಕೇಳಿಸ್ತು."

"ಕೇಳಿಸುತ್ತಲ್ವಾ? ಅವರಿಗೂ ಕೇಳಿಸುತ್ತೆ, ನಿನಗೂ ಕೇಳಿಸುತ್ತೆ. ಮತ್ತೆ ನಾನ್ಯಾಕೆ ಬೇಕು? ಎರಡಾಳಿನ ಕೆಲಸ, ಒಂದಾಳಿನ ಸಂಬಳ. ನಿಮ್ಮ ಕಾರೋ ಜನರ ಸಹವಾಸ ಸಾಕಪ್ಪಾ ಸಾಕು!"

ಹೀಗೆ ಗೊಣಗುವುದು ಅವನಿಗೆ ಬಲು ಇಷ್ಟ. ಮೆಡಾನ್ ಪೇಟೆಯ ಆ ಡೇಟಾ ಸೆಂಟರಿನಲ್ಲಿ, ರೆಹುಲಿನಾಳ ಮದುವೆಯಾದ ಈ ನಾಲ್ಕು ತಿಂಗಳಿಂದ ಅವನು ಇದೇ ಹಾಡು ಹಾಡುತ್ತಿದ್ದ. ಕಾರೋ ಪಂಗಡದ ಮನೆಗಳಲ್ಲಿ ಮಾವನೂ ಸೊಸೆಯೂ ನೇರವಾಗಿ ಮಾತಾಡುವಂತಿಲ್ಲ, ಎದುರುಬದುರು ಕೂರುವಂತಿಲ್ಲ, ಮುಟ್ಟುವಂತಿಲ್ಲ, ಕೈಯಿಂದ ಕೈಗೆ ಏನನ್ನೂ ಕೊಡುವಂತಿಲ್ಲ. ಇದಕ್ಕೆ ರೆಬು ಅನ್ನುತ್ತಾರೆ. ಜಗಳವಲ್ಲ, ಮುನಿಸಲ್ಲ, ಮರ್ಯಾದೆ. ನಡುವೆ ಮೂರನೆಯವರು ಇದ್ದರೆ ಅವರ ಮೂಲಕ ಮಾತು ಸಾಗುತ್ತದೆ. ಯಾರೂ ಇಲ್ಲದಿದ್ದರೆ ಗೋಡೆಗೋ ಬಾಗಿಲಿಗೋ ಹೇಳಬೇಕು. ಪೇಟೆಯ ಎಷ್ಟೋ ಮನೆಗಳಲ್ಲಿ ಇದನ್ನೆಲ್ಲ ಬಿಟ್ಟಾಗಿದೆ. ತಾರಿಗನ್ ಮನೆಯಲ್ಲಿ ಬಿಟ್ಟಿರಲಿಲ್ಲ.

ಕಷ್ಟವೆಂದರೆ ರೆಹುಲಿನಾ ಸೊಸೆಯಾಗುವ ಮೊದಲು ಮೂರು ವರ್ಷ ತಾರಿಗನ್ನರ ಶಿಷ್ಯೆಯಾಗಿದ್ದಳು. ನಟ್ಟು ಬಿಗಿಯುವುದರಿಂದ ಹಿಡಿದು ನೆಟ್‌ವರ್ಕಿನ ತಲೆಬುಡದವರೆಗೆ ಅವರೇ ಕಲಿಸಿದ್ದು. ತಪ್ಪು ಮಾಡಿದಾಗ ಬೈಯುತ್ತಿದ್ದರು, ಬೈದ ದಿನ ತಮ್ಮ ಡಬ್ಬಿಯ ಅರ್ಸಿಕ್ ಅನ್ನುವ ಮೀನಡುಗೆಯಲ್ಲಿ ದೊಡ್ಡ ತುಂಡನ್ನು ಅವಳ ಕಡೆ ತಳ್ಳುತ್ತಿದ್ದರು. ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತ ಒಂದು ಸಂಜೆ ಅಪ್ಪನನ್ನು ಕರೆದೊಯ್ಯಲು ಮಗ ಬ್ರೇಮಾ ಬಂದ. ಆಮೇಲೆ ನೀರಿಲ್ಲದ ದಿನಗಳಲ್ಲೂ ಬರತೊಡಗಿದ.

ಮದುವೆಗೆ ರಜೆ ಹಾಕುವ ಹಿಂದಿನ ದಿನ ತಾರಿಗನ್ ಅವಳ ಮೇಜಿನ ಹತ್ತಿರ ಬಂದು ನಕ್ಕಿದ್ದರು. "ಕೇಳೋದೇನಿದ್ರೂ ಇವತ್ತೇ ಕೇಳಿಬಿಡಮ್ಮ. ಆಮೇಲೆ ಅಂಗಡಿ ಮುಚ್ಚಿರುತ್ತೆ." ಅವಳು ಆ ಮಧ್ಯಾಹ್ನವೆಲ್ಲ ಗೊತ್ತಿದ್ದದ್ದನ್ನೇ ಮತ್ತೆ ಮತ್ತೆ ಕೇಳಿದಳು. ಅವರೂ ಎಲ್ಲಕ್ಕೂ ಹೊಸದೆಂಬಂತೆ ಉತ್ತರ ಕೊಟ್ಟರು. ಗಂಡ ಸಿಕ್ಕಿದ ಸಂತೋಷದಲ್ಲಿ ಗುರು ಕಳೆದುಹೋಗುತ್ತಾರೆ ಎಂಬುದು ಅವಳಿಗೆ ಆವತ್ತೇ ಹೊಳೆದು, ಅಳು ಬಂದಿತ್ತು.

ಹಳಿ ಸರಿಯಾಯಿತು. ಮೂವರೂ ಸೇರಿ ಹೊಸ ಸ್ವಿಚ್ಚನ್ನು ಎತ್ತಿದರು. ದೀಪ ಹಾಕುವ ಸ್ವಿಚ್ಚಲ್ಲ ಇದು. ನೂರಾರು ಕಂಪ್ಯೂಟರುಗಳ ಮಾತನ್ನು ಇಲ್ಲಿಂದಲ್ಲಿಗೆ ದಾಟಿಸುವ ಚಪ್ಪಟೆ ಉಕ್ಕಿನ ಪೆಟ್ಟಿಗೆ. ಅದನ್ನು ಮುಂದಿನಿಂದ ರೆಹುಲಿನಾ, ಶಾಫ್ರಿಲ್ ಹಳಿಯ ಮೇಲೆ ತಳ್ಳಿದರು, ತಾರಿಗನ್ ಹಿಂದಿನಿಂದ ಎಳೆದುಕೊಂಡರು. ಹಳೆಯದು ಕೆಳಗಿನ ಖಾನೆಯಲ್ಲಿ ದಮ್ಮು ಹತ್ತಿದವರಂತೆ ಗೊರಗೊರ ಅನ್ನುತ್ತಿತ್ತು. ಎರಡು ಗಂಟೆಗೆ ಊರಿನ ಒಂದು ಆಸ್ಪತ್ರೆಯ ತಂತಿಗಳನ್ನೆಲ್ಲ ಅದರಿಂದ ಕಿತ್ತು ಹೊಸದಕ್ಕೆ ಹಾಕಬೇಕಿತ್ತು. ಮುಂದೂಡುವ ಹಾಗಿರಲಿಲ್ಲ.

ಶಾಫ್ರಿಲ್ ಗಡಿಯಾರ ನೋಡಿಕೊಂಡ. "ಶುಕ್ರವಾರ. ನಾನು ಮಸೀದಿಗೆ ಹೊರಟೆ. ಬರೋವರೆಗೆ ಇಬ್ಬರೂ ಮೌನವ್ರತ ಮಾಡಿ. ತಡೆಯೋಕಾಗದಿದ್ರೆ ಈ ಪೆಟ್ಟಿಗೆಗೇ ಹೇಳಿ, ನನಗಿಂತ ಚೆನ್ನಾಗಿ ದಾಟಿಸುತ್ತೆ."

ಬಾಗಿಲು ಮುಚ್ಚಿಕೊಂಡಿತು. ಫ್ಯಾನುಗಳ ಮೊರೆತ ಮಾತ್ರ ಉಳಿಯಿತು. ರೆಹುಲಿನಾ ಜಾಕೆಟ್ಟಿನ ಜಿಪ್ಪು ಮೇಲಕ್ಕೆಳೆದುಕೊಂಡು, ಲ್ಯಾಪ್‌ಟಾಪನ್ನು ಸ್ವಿಚ್ಚಿಗೆ ಜೋಡಿಸಿದಳು. ಅವಳಿದ್ದದ್ದು ತಣ್ಣನೆ ಗಾಳಿಯ ಓಣಿ. ರ‍್ಯಾಕಿನ ಆಚೆ ಯಂತ್ರಗಳ ಬಿಸಿಗಾಳಿ ಹೊರಬೀಳುವ ಓಣಿಯಲ್ಲಿ ತಾರಿಗನ್ ಅರ್ತಿಂಗ್ ತಂತಿ ಬಿಗಿದು, ವಿದ್ಯುತ್ತಿನ ಎರಡು ವೈರುಗಳನ್ನು ಹಾಕುತ್ತಿದ್ದರು. ಸ್ವಿಚ್ಚು ಜೀವ ತಳೆಯಿತು. ಎರಡು ಹಸಿರು ದೀಪ ಹತ್ತಿದವು. ಪರದೆಯ ಮೇಲೆ ಅಕ್ಷರಗಳು ಉರುಳಿದವು. ಅವಳು ಅದಕ್ಕೊಂದು ಹೆಸರು ಕೊಟ್ಟಳು, ವಿಳಾಸ ಕೊಟ್ಟಳು, ಯಾವ ತೂತಿನಲ್ಲಿ ಯಾರ ಮಾತು ಹೋಗಬೇಕೆಂದು ಹೇಳಿಕೊಟ್ಟಳು. ಎಲ್ಲ ಸಲೀಸಾಗಿ ನಡೆಯಿತು.

ಬಿದ್ದ ಪೆನ್ನೊಂದನ್ನು ಎತ್ತಲು ಬಗ್ಗಿದಾಗ ಖಾಲಿ ಖಾನೆಯ ಸಂದಿಯಿಂದ ಆಚೆ ಬದಿ ಕಂಡಿತು. ಆ ರ‍್ಯಾಕಿನಲ್ಲಿ ವಿದ್ಯುತ್ತಿನ ಪ್ಲಗ್ಗು ಪಟ್ಟಿಗಳೆರಡೂ ಒಂದೇ ಮೂಲೆಯಲ್ಲಿ ಅಂಟಿಕೊಂಡಿವೆ. ಒಂದಕ್ಕೆ ಕೆಂಪು ಗೆರೆ, ಇನ್ನೊಂದಕ್ಕೆ ನೀಲಿ ಗೆರೆ. ಎರಡಕ್ಕೂ ಬೇರೆ ಬೇರೆ ಕಡೆಯಿಂದ ಕರೆಂಟು ಬರುತ್ತದೆ. ಸ್ವಿಚ್ಚಿನ ಒಂದು ವೈರು ಇದಕ್ಕೆ, ಇನ್ನೊಂದು ಅದಕ್ಕೆ ಹೋಗಬೇಕು. ಒಂದು ಸತ್ತರೂ ಇನ್ನೊಂದು ನಡೆಸುತ್ತದೆ. ಈಗ ಎರಡು ವೈರೂ ಕೆಂಪಿನಲ್ಲೇ ಕೂತಿದ್ದವು. ಕೆಂಪಿನ ಕಡೆ ಕರೆಂಟು ಹೋದರೆ ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಮೂಕವಾಗುತ್ತವೆ.

ಹೊಸಬರು ಮಾಡುವ ತಪ್ಪು. ಅವಳೇ ಮೊದಲ ವಾರ ಮಾಡಿ ಅವರಿಂದ ಬೈಸಿಕೊಂಡದ್ದು.

ಶಾಫ್ರಿಲ್ ಬರುವವರೆಗೆ ಕಾಯೋಣವೆಂದುಕೊಂಡಳು. ಆದರೆ ಅವನ ಬಾಯಲ್ಲಿ ಇದು ಹೋದರೆ ಸಂಜೆಯೊಳಗೆ ಆಫೀಸಿಗೆಲ್ಲ ಸುದ್ದಿ. ಅವಳು ಮುಖ ಪಕ್ಕಕ್ಕೆ ತಿರುಗಿಸಿ, ನಾಚಿಕೆಯಿಂದಲೇ ಬಾಯಿ ಬಿಟ್ಟಳು.

"ಸ್ವಿಚ್ಚೇ, ಅವರಿಗೆ ಹೇಳು. ಎರಡು ವೈರೂ ಕೆಂಪಿಗೇ ಹೋಗಿವೆ."

ಆಚೆ ಬದಿ ಕೈಗಳು ನಿಂತವು. ಒಂದು ಪ್ಲಗ್ಗು ಹೊರಬಂತು. ಬೆರಳುಗಳು ಪಟ್ಟಿಯ ಮೇಲೆ ತಡವರಿಸುತ್ತ ಮೇಲಕ್ಕೆ ಹೋದವು, ಕೆಳಕ್ಕೆ ಬಂದವು, ಒಂದು ತೂತು ಹುಡುಕಿ ಪ್ಲಗ್ಗನ್ನು ಒತ್ತಿದವು. ಮತ್ತೆ ಕೆಂಪು.

"ಆಯ್ತು," ಅಂದರು ತಾರಿಗನ್, ಯಾರಿಗೂ ಅಲ್ಲದ ಹಾಗೆ.

ಇದು ಮರೆವಲ್ಲ, ಅವಸರವೂ ಅಲ್ಲ. ಕಳೆದ ವಾರ ಅವರು ಚಹಾದ ಲೋಟವನ್ನು ಮೇಜಿನ ಅಂಚಿನಾಚೆ ಇಟ್ಟು ಬೀಳಿಸಿದ್ದು, ಓದಬೇಕಾದ್ದನ್ನೆಲ್ಲ ಶಾಫ್ರಿಲನ ಕೈಗೆ ಕೊಡುತ್ತಿದ್ದದ್ದು, ಎಲ್ಲ ರೆಹುಲಿನಾಳಿಗೆ ಒಟ್ಟಿಗೆ ಅರ್ಥವಾಯಿತು.

"ಸ್ವಿಚ್ಚೇ," ಅಂದಳು, "ಅವರನ್ನ ಕೇಳು... ಕಣ್ಣು ಕಾಣಿಸ್ತಿಲ್ವಾ ಅಂತ."

ಎದುರಿಗೆ ಮುಖ ಇದ್ದಿದ್ದರೆ ತಾರಿಗನ್ ನಕ್ಕು ಹಾರಿಸಿಬಿಡುತ್ತಿದ್ದರೇನೋ. ಎದುರಿಗಿದ್ದದ್ದು ಉಕ್ಕಿನ ಪೆಟ್ಟಿಗೆ.

"ಸ್ವಿಚ್ಚೇ, ಅವಳಿಗೆ ಹೇಳು. ಬಲಗಣ್ಣು ಕ್ರಿಸ್‌ಮಸ್ ಹೊತ್ತಿಂದ ಕೆಟ್ಟಿದೆ. ನಡುವೆ ಏನೋ ಹೊಗೆ ಕೂತ ಹಾಗೆ. ಈಗ ಎಡಗಣ್ಣಿಗೂ ಶುರುವಾಗಿದೆ."

"ಅತ್ತೆಗೆ ಗೊತ್ತಾ ಅಂತ ಕೇಳು."

"ಯಾರಿಗೂ ಗೊತ್ತಿಲ್ಲ. ಗೊತ್ತಾಗೋದೂ ಬೇಡ. ಬ್ರೇಮಾನಿಗೆ ಗೊತ್ತಾದ್ರೆ ನಾಳೆಯಿಂದ್ಲೇ ನನ್ನ ಮನೇಲಿ ಕೂರಿಸ್ತಾನೆ. ಕೂತು ಏನ್ ಮಾಡ್ಲಿ, ಕೋಳಿ ಎಣಿಸ್ಲಾ?"

ಮೊದಲು ಕೆಲಸ ಮುಗಿಯಲಿ ಎಂದು ರೆಹುಲಿನಾ ನೆಲದ ಮೇಲೆ ಕೂತು, ಸಂದಿಯಲ್ಲಿ ಆ ಕೈಗಳನ್ನೇ ನೋಡುತ್ತ ಹೇಳಿದಳು. "ಸ್ವಿಚ್ಚೇ, ಪ್ಲಗ್ಗು ತೆಗೀಲಿ. ಎರಡು ಬೆರಳು ಎಡಕ್ಕೆ. ಇನ್ನೂ ಸ್ವಲ್ಪ. ಹಾಂ, ಅದೇ ನೀಲಿ ಪಟ್ಟಿ. ಈಗ ಕೆಳಗೆ... ಅದು ತುಂಬಿದೆ, ಅದರ ಕೆಳಗಿಂದು. ಒತ್ತಲಿ." ಪ್ಲಗ್ಗು ಕೂತಿತು. ಕೆಂಪಿನದನ್ನು ಕಿತ್ತು ನೋಡಿದರು. ನೀಲಿಯ ಮೇಲೆಯೇ ಸ್ವಿಚ್ಚು ನಡೆಯಿತು. ನಾಲ್ಕು ತಿಂಗಳಲ್ಲಿ ಇಬ್ಬರೂ ಇಷ್ಟು ಮಾತಾಡಿರಲಿಲ್ಲ.

"ಇನ್ನೊಂದು ಕೇಳು," ಅಂದಳು. ಈ ಸಲ ದನಿ ಗಡುಸಾಗಿತ್ತು. "ಈ ಕಣ್ಣಿಟ್ಕೊಂಡು ದಿನಾ ಬೈಕು ಓಡಿಸ್ತಿದಾರಾ? ಭಾನುವಾರ ಅತ್ತೇನ ಹಿಂದೆ ಕೂರಿಸ್ಕೊಂಡು ಚರ್ಚಿಗೆ ಹೋಗಿದ್ದೂ ಹೀಗೇನಾ?"

ಆಚೆ ಬದಿ ಬೆರಳುಗಳು ಕಿತ್ತಿದ್ದ ಪ್ಲಗ್ಗನ್ನು ಕೆಂಪಿಗೆ ಮತ್ತೆ ಹಾಕುವುದರಲ್ಲೇ ಮುಳುಗಿದವು. ಅವಳಿಗೆ ಸಿಟ್ಟು ಉಕ್ಕಿ ಬಂತು, ಅದರ ಬೆನ್ನಿಗೇ ಅಳು.

"ಹಾಗಿದ್ರೆ ಅವರಿಗೆ ಹೇಳಿಬಿಡು ಸ್ವಿಚ್ಚೇ. ಸೊಸೆ ಅಂತ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ. ಇದಕ್ಕೆ ಮುಚ್ಚಲ್ಲ. ಇವತ್ತು ಸಂಜೆ ಕಣ್ಣಿನ ಡಾಕ್ಟರ ಹತ್ರ ಬರದಿದ್ರೆ, ರಾತ್ರಿ ಊಟಕ್ಕೆ ಕೂತಾಗ ಎಲ್ಲರ ಮುಂದೆ ಹೇಳ್ತೀನಿ. ಸೊಸೆ ಗಯ್ಯಾಳಿ ಅಂತ ಬೇಕಾದ್ರೆ ಅನ್ಲಿ."

"ಮದುವೆಗೆ ಮುಂಚೆ ಇವಳು ಹೀಗಿರ್ಲಿಲ್ಲ ಅಂತ ಹೇಳು."

"ಹೀಗೇ ಇದ್ದೆ. ಅವರು ಗಮನಿಸಿರ್ಲಿಲ್ಲ ಅಂತ ಹೇಳು."

ಆಚೆ ಬದಿಯಿಂದ ನಗುವಿನಂಥದ್ದೇನೋ ಕೇಳಿ ನಿಂತುಹೋಯಿತು. ಅವರು ರ‍್ಯಾಕಿಗೆ ಒರಗಿಕೊಂಡರು. ಬೆವರಿಗೆ ಅಂಟಿದ ಅಂಗಿ ಸಂದಿಯಲ್ಲಿ ಕಾಣುತ್ತಿತ್ತು.

"ಹೋದ್ರೆ ಡಾಕ್ಟ್ರು ಏನ್ ಹೇಳ್ತಾರೋ. ಕೇಳೋಕೆ ಭಯ ಕಣಮ್ಮ."

ಸ್ವಿಚ್ಚೇ ಅನ್ನುವುದನ್ನು ಅವರು ಮರೆತಿದ್ದರು. ಅವಳು ನೆನಪಿಸಲಿಲ್ಲ. ಅಂಗೈಯಲ್ಲಿ ಕಣ್ಣೊರೆಸಿಕೊಂಡು, "ಸ್ವಿಚ್ಚೇ, ನಾನೂ ಜೊತೆಗೆ ಬರ್ತೀನಿ ಅಂತ ಹೇಳು," ಅಂದಳು.

ಸ್ವಲ್ಪ ಹೊತ್ತಿಗೆ ಸ್ವಿಚ್ಚಿನ ಬೆನ್ನ ಮೇಲೆ ಏನೋ ಕಿರ್ರೆಂದು ಜಾರಿತು. ಮೇಲಿನ ಖಾಲಿ ಖಾನೆಯಲ್ಲಿ ಅವರ ಬೆರಳುಗಳು ಬೈಕಿನ ಕೀಲಿಯನ್ನು ಅರ್ಧದವರೆಗೆ ತಳ್ಳಿ ಹಿಂದೆ ಸರಿದವು. ಅವರ ಕೈ ಪೂರ್ತಿ ಆಚೆ ಹೋದ ಮೇಲೆ ಅವಳು ತನ್ನ ಕೈ ಚಾಚಿ ಅದನ್ನು ತೆಗೆದುಕೊಂಡಳು. ಬಿಸಿಯಾಗಿತ್ತು.

ಶಾಫ್ರಿಲ್ ಬಂದ. ಎರಡು ಗಂಟೆಗೆ ಆಸ್ಪತ್ರೆಯ ತಂತಿಗಳು ಒಂದೊಂದಾಗಿ ಹೊಸದಕ್ಕೆ ಬಂದವು. ಅಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಈ ಕೆಲಸದಲ್ಲಿ ಗೆದ್ದರೆ ಹೀಗೆಯೇ, ಯಾರಿಗೂ ಗೊತ್ತಾಗುವುದಿಲ್ಲ.

"ಮಾವನಿಗೆ ಏನಾದ್ರೂ ಹೇಳೋದಿದೆಯಾ? ಈಗ ಹೇಳು, ದಾಟಿಸ್ತೀನಿ," ಅಂದ ಶಾಫ್ರಿಲ್, ಹೊಟ್ಟೆ ತುಂಬ ಉಂಡು ಬಂದ ಗೆಲುವಿನಲ್ಲಿ.

"ಹೇಳೋದೆಲ್ಲ ಹೇಳಿಯಾಯ್ತು ಅಣ್ಣ. ಸಂಜೆ ಅವರನ್ನ ನಿಮ್ಮ ಬೈಕಿನ ಹಿಂದೆ ಕೂರಿಸ್ಕೊಂಡು ಬನ್ನಿ. ನಾನು ಅವರ ಬೈಕಲ್ಲಿ ಮುಂದೆ ಹೋಗ್ತೀನಿ. ಎಲ್ಲಿಗೆ ಅಂತ ಕೇಳ್ಬೇಡಿ."

ಶಾಫ್ರಿಲ್ ಅವಳ ಮುಖ ನೋಡಿ, ತನ್ನ ಬೈಕಿನ ಕೀಲಿಗಾಗಿ ಜೇಬು ತಡವಿಕೊಂಡ.

ಸಂಜೆ ಗೇಟಿನ ಹತ್ತಿರ ಮಾವನ ಬೈಕು ಹತ್ತಿ ಕೂತಾಗ ಅವಳಿಗೆ ಕನ್ನಡಿಗಳಲ್ಲಿ ಹಿಂದಿನದು ಏನೂ ಕಾಣಲಿಲ್ಲ. ಎಡಗನ್ನಡಿಯನ್ನು ಅತಿಯಾಗಿ ಒಳಕ್ಕೆ ತಿರುಗಿಸಲಾಗಿತ್ತು, ಕತ್ತು ಪೂರ್ತಿ ಹೊರಳಿಸಿ ನೋಡುವವರಿಗೆ ಮಾತ್ರ ದಕ್ಕುವಂತೆ. ಬಲಗಣ್ಣು ಕೆಟ್ಟ ಮೇಲೆ ಯಾರೂ ಮುಟ್ಟದ ಬಲಗನ್ನಡಿ ಸಡಿಲವಾಗಿ ಆಕಾಶ ನೋಡುತ್ತಿತ್ತು. ಅದರ ಮೇಲೆ ತಿಂಗಳುಗಟ್ಟಲೆಯ ಧೂಳು ಮಳೆಗೆ ನೆನೆದು ಒಣಗಿ ಹೆಪ್ಪುಗಟ್ಟಿತ್ತು.

ರೆಹುಲಿನಾ ಬೆರಳಿಗೆ ಉಗುಳು ಹಚ್ಚಿಕೊಂಡು ಅದನ್ನು ಉಜ್ಜಿ, ತೋಳಿನಿಂದ ಒರೆಸಿದಳು. ಹಿಂದೆ ಶಾಫ್ರಿಲನ ಬೈಕು ಶುರುವಾಯಿತು. ಅವಳು ಕನ್ನಡಿಯನ್ನು ಇಷ್ಟಿಷ್ಟೇ ಇಳಿಸುತ್ತ ಬಂದಳು. ಮೊದಲು ಗೇಟಿನ ದೀಪ ಬಂತು, ಆಮೇಲೆ ಶಾಫ್ರಿಲನ ಹೆಲ್ಮೆಟ್ಟು, ಆಮೇಲೆ ಅವನ ಭುಜವನ್ನು ಎರಡೂ ಕೈಯಲ್ಲಿ ಹಿಡಿದು ಕೂತ ಮಾವ. ಅವರು ಪೂರ್ತಿ ಕಾಣುವಲ್ಲಿ ಕನ್ನಡಿಯನ್ನು ನಿಲ್ಲಿಸಿ, ನಟ್ಟು ಬಿಗಿದು, ಬೈಕನ್ನು ನಿಧಾನವಾಗಿ ರಸ್ತೆಗಿಳಿಸಿದಳು.